ವಿಮಲಾಳ ಶೋಕೇಸಿನ ಪೈನ್ ಕಾಯಿ

ಹೊರಡುವ ಮುಂಚೆ

ಸಿಂಗಾಪುರಕ್ಕೆ ಯಾಕೆ ಹೋಗಿದ್ದಿರಿ ಎಂದು ಕೇಳಿದವರಿಗೆಲ್ಲ ನಾನು ಒಂದೊಂದು ಉತ್ತರ ಕೊಟ್ಟಿದ್ದೇನೆ. ಪಕ್ಕದ ಮನೆಯವರಿಗೆ ಸ್ವಲ್ಪ ಬದಲಾವಣೆ ಬೇಕಿತ್ತು ಅಂದೆ. ತಂಗಿಗೆ ಹಳೆಯ ಸ್ನೇಹಿತೆ ಕರೆದಳು ಅಂದೆ. ಯಜಮಾನರಿಗೆ ಏನೂ ಹೇಳಬೇಕಾಗಲಿಲ್ಲ, ಅವರು ಕೇಳಲೇ ಇಲ್ಲ. ನಿಜವಾದ ಕಾರಣ ಹೇಳಿದರೆ ನೀವು ನಗುತ್ತೀರಿ. ನಾನು ಹೋದದ್ದು ಒಂದು ಪೈನ್ ಕಾಯಿ ನೋಡುವುದಕ್ಕೆ. ಅದು ನನ್ನ ಬಳಿ ಇಲ್ಲದೆ ವಿಮಲಾಳ ಬಳಿ ಇದೆಯಲ್ಲ ಎಂದು ಹತ್ತಿರದಿಂದಲೇ ಹೊಟ್ಟೆ ಉರಿಸಿಕೊಳ್ಳುವುದಕ್ಕೆ.

ಚಿತ್ರದುರ್ಗದ ಒಂದು ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಸಸ್ಯಶಾಸ್ತ್ರ ಪಾಠ ಮಾಡಿ ಹೋದ ವರ್ಷ ನಿವೃತ್ತಳಾದೆ. ವರ್ಷದಲ್ಲಿ ಒಂದು ಪೀರಿಯಡ್ ನನಗೆ ಬಹಳ ಪ್ರೀತಿಯದು. ಆ ದಿನ ಬಣ್ಣದ ಸೀಮೆಸುಣ್ಣ ತೆಗೆದುಕೊಂಡು ಹೋಗಿ ಬೋರ್ಡಿನ ತುಂಬ ಒಂದೇ ಒಂದು ಪೈನ್ ಕಾಯಿ ಬರೆಯುತ್ತಿದ್ದೆ. ಶಾಸ್ತ್ರದ ಪ್ರಕಾರ ಅದು ಕಾಯಿಯಲ್ಲ, ಶಂಕು. ಶಂಕು ಅಂದರೆ ನಿಮಗೆ ಗಣಿತದ ಮೇಷ್ಟ್ರು ನೆನಪಾಗುತ್ತಾರೆ, ಆದ್ದರಿಂದ ಕಾಯಿ ಅಂತಲೇ ಇಟ್ಟುಕೊಳ್ಳೋಣ.

ಬಿಷಪ್ ಪೈನ್ ಎಂಬ ಮರದ ಕಾಯಿ ಅದು. ಕ್ಯಾಲಿಫೋರ್ನಿಯಾದ ಕಡಲ ಅಂಚಿನ ಮರ. ಬಡ ಮಣ್ಣು, ಬೆಳಗಾದರೆ ಮಂಜು, ದಿನವಿಡೀ ಉಪ್ಪು ಗಾಳಿ, ಅದರ ಹೊಡೆತಕ್ಕೆ ಸೊಟ್ಟಗಾದ ಕಾಂಡ. ಇದರ ಕಾಯಿ ಬಲಿತರೂ ಬಾಯಿ ಬಿಡುವುದಿಲ್ಲ. ಮರದಂಥ ಎಸಳುಗಳನ್ನು ರಾಳ ಭದ್ರವಾಗಿ ಅಂಟಿಸಿರುತ್ತದೆ. ಕೊಂಬೆಯ ಸುತ್ತ ನಾಲ್ಕೈದು ಕಾಯಿ ಒಟ್ಟಾಗಿ ಕಚ್ಚಿಕೊಂಡು ವರ್ಷಗಟ್ಟಲೆ ಹಾಗೇ ಕೂತಿರುತ್ತವೆ. ಕಾಡಿಗೆ ಬೆಂಕಿ ಬೀಳಬೇಕು. ಆಗ ರಾಳ ಕರಗುತ್ತದೆ, ಎಸಳು ಬಿಚ್ಚುತ್ತದೆ, ಬೆಂಕಿ ತಣಿದ ಮೇಲೆ ಬೀಜ ಬೂದಿಗೆ ಉದುರುತ್ತದೆ. ಹಳೆಯ ಮರಗಳು ಸುಟ್ಟು ಹೋಗಿರುವುದರಿಂದ ಮೇಲೆ ನೆರಳಿಲ್ಲ, ಕೆಳಗೆ ಪೈಪೋಟಿಗೆ ಕಳೆ ಇಲ್ಲ. ಮರಿಗಳೆಲ್ಲ ಒಂದೇ ವಯಸ್ಸಿನವು, ಒಟ್ಟಿಗೇ ಎದ್ದು ಬರುತ್ತವೆ.

ಪ್ರತಿ ವರ್ಷ ಯಾರಾದರೊಬ್ಬರು ಕೇಳುತ್ತಿದ್ದರು, “ಬೆಂಕಿ ಬೀಳದೇ ಇದ್ರೆ ಮೇಡಂ?” ತುಂಬ ಸೆಕೆಯ ದಿನ ಒಂದೆರಡು ಕಾಯಿ ತಾವಾಗಿ ಬಾಯಿ ಬಿಡಬಹುದು, ಉಳಿದವು ಮರದ ಜೊತೆಗೇ ಮುದಿಯಾಗಿ ಹಾಗೇ ಬಿದ್ದು ಹೋಗುತ್ತವೆ ಎಂದು ಹೇಳುತ್ತಿದ್ದೆ. ಆಮೇಲೆ ಹಿಂದಿನ ಬೆಂಚಿನಿಂದ ಇನ್ನೊಂದು ಪ್ರಶ್ನೆ ಬರುತ್ತಿತ್ತು, “ನೀವು ನೋಡಿದೀರಾ ಮೇಡಂ?”

“ಡಯಾಗ್ರಮ್ ಬರ್ಕೊಳ್ಳಿ, ಟೈಮ್ ಆಯ್ತು,” ಅನ್ನುತ್ತಿದ್ದೆ.

ಹೀಗಿರುವಾಗ ಜೂನ್ ತಿಂಗಳಲ್ಲಿ ಒಂದು ಬೆಳಿಗ್ಗೆ ವಿಮಲಾಳಿಂದ ವಾಟ್ಸಾಪ್ ಬಂತು. ವಿಮಲಾ ಮೈಸೂರಿನ ಎಂ.ಎಸ್ಸಿ. ದಿನಗಳಲ್ಲಿ ನನ್ನ ಹಾಸ್ಟೆಲ್ ರೂಮಿನವಳು. ಕ್ಲಾಸಿಗೆ ನಾನು ಮೊದಲು, ಅವಳು ಎರಡನೆಯವಳು, ಅದೂ ನನ್ನ ರೆಕಾರ್ಡ್ ನೋಡಿ ಬರೆದು. ಓದು ಮುಗಿದ ಕೂಡಲೇ ಮದುವೆಯಾಗಿ, ಹಡಗು ರಿಪೇರಿಯ ಎಂಜಿನಿಯರ್ ಗಂಡನ ಜೊತೆ ಸಿಂಗಾಪುರಕ್ಕೆ ಹೋದವಳು. ಫೋಟೋದಲ್ಲಿ ಅವಳ ಶೋಕೇಸ್ ಇತ್ತು, ಚನ್ನಪಟ್ಟಣದ ಗೊಂಬೆ ಇತ್ತು, ಅದರ ಪಕ್ಕ ಬಾಯಿ ಮುಚ್ಚಿಕೊಂಡ ಒಂದು ಬಿಷಪ್ ಪೈನ್ ಕಾಯಿ. ಕೆಳಗೆ ಎರಡೇ ಪದ: “ಬಂದು ನೋಡು.”

ಫೋನನ್ನು ಮಂಚದ ಮೇಲೆ ಎಸೆದೆ. ಪಾಠ ಮಾಡಿದವಳು ನಾನು, ಕಾಯಿ ಸಿಕ್ಕಿದ್ದು ಅವಳಿಗೆ! ಅದೂ ಗೊಂಬೆ ಪಕ್ಕ ಇಟ್ಟಿದ್ದಾಳೆ, ಅಲಂಕಾರಕ್ಕೆ!

ಪಾಸಿರ್ ರಿಸ್, ಹನ್ನೊಂದನೆಯ ಮಹಡಿ

ಆಗಸ್ಟ್‌ನಲ್ಲಿ ಹೋದೆ. ಏರ್‌ಪೋರ್ಟಿನಿಂದ ಪಾಸಿರ್ ರಿಸ್ ಹತ್ತಿರ. ಆ ಸ್ವಲ್ಪ ದಾರಿಯಲ್ಲೇ ನನಗೆ ಮೊದಲ ಸಂಕಟ ಶುರುವಾಯಿತು. ರಸ್ತೆಯ ಎರಡೂ ಕಡೆ ಮಳೆಮರಗಳು ಕೊಡೆ ಹಿಡಿದು ನಿಂತಿವೆ. ಕೊಂಬೆಕೊಂಬೆಗೆ ಜರೀಗಿಡ. ಯಾರೂ ಮೊಳೆ ಹೊಡೆದಿಲ್ಲ, ಟ್ಯೂಷನ್ ಕ್ಲಾಸಿನ ಬೋರ್ಡ್ ಕಟ್ಟಿಲ್ಲ. ನಮ್ಮ ಕಾಲೇಜಿನ ಮುಂದಿನ ಹುಣಸೆ ಸಾಲು ರಸ್ತೆ ಅಗಲ ಮಾಡುವಾಗ ಒಂದೇ ಮಧ್ಯಾಹ್ನ ಹೋಯಿತು, ನಾನು ಕ್ಲಾಸಿನಲ್ಲಿದ್ದೆ, ಗರಗಸದ ಸದ್ದು ಕೇಳಿಸುತ್ತಿತ್ತು. ಮರಗಳ ಮೇಲೂ ಹೊಟ್ಟೆಕಿಚ್ಚು ಪಡಬಹುದು ಎಂದು ಅವತ್ತು ಟ್ಯಾಕ್ಸಿಯಲ್ಲಿ ಗೊತ್ತಾಯಿತು.

ವಿಮಲಾ ಬಾಗಿಲಲ್ಲೇ ನಿಂತಿದ್ದಳು. ಕೂದಲು ಪೂರ್ತಿ ಬೆಳ್ಳಗಾಗಿ ಕತ್ತರಿಸಿಕೊಂಡಿದ್ದಾಳೆ, ಅದೂ ಅವಳಿಗೆ ಚೆನ್ನಾಗಿ ಒಪ್ಪುತ್ತದೆ. ಅವಳ ಗಂಡ ಪ್ರಭಾಕರ್ ತೀರಿಕೊಂಡು ಎರಡು ವರ್ಷವಾಗಿದೆ. ಆಗ ನಾನು ಬರಲಿಲ್ಲ, ಫೋನಿನಲ್ಲಿ ಮಾತಾಡಿ ಮುಗಿಸಿದ್ದೆ. ಅದರ ಮುಜುಗರಕ್ಕೆ ಮನೆಯ ಸುತ್ತ ಕಣ್ಣು ಹಾಯಿಸಿ, “ವೆರಿ ನೈಸ್ ಹೌಸ್, ವಿಮಲಾ. ಐ ಯಾಮ್ ಸೋ ಹ್ಯಾಪಿ ಫಾರ್ ಯೂ,” ಅಂದೆ. ಅವಳ ತುಟಿಯ ಮೂಲೆಯಲ್ಲಿ ಏನೋ ನಗು ಬಂದು ಹೋಯಿತು.

“ಕಾಫಿ ಆಮೇಲೆ ಕುಡೀತೀನಿ. ಮೊದ್ಲು ತೋರ್ಸು.”

“ಗೊತ್ತಿತ್ತು ಕಣೇ ನಾಗು. ಚಪ್ಪಲಿ ಆದ್ರೂ ಬಿಡು.”

ಅಂಗೈ ತುಂಬುವಷ್ಟು ಕಾಯಿ. ಬುಡದಲ್ಲಿ ಒಂದು ಕಡೆ ಸೊಟ್ಟ, ಕೊಂಬೆಗೆ ಅಂಟಿಕೊಂಡಿದ್ದ ಮಗ್ಗುಲದು. ಪ್ರತಿ ಎಸಳಿನ ತುದಿಗೂ ಗಟ್ಟಿ ಮುಳ್ಳು. ಎಸಳುಗಳ ನಡುವೆ ರಾಳ ಹರಳುಗಟ್ಟಿ ಕೂತಿತ್ತು. ಉಗುರು ತೂರಿಸಲೂ ಸಂದಿಲ್ಲ. ಮೂವತ್ತೊಂದು ವರ್ಷ ನಾನು ಬೋರ್ಡಿನ ಮೇಲೆ ಮುಳ್ಳನ್ನು ಉಲ್ಟಾ ಬರೆಯುತ್ತಿದ್ದೆ ಎಂದು ಆಗ ಗೊತ್ತಾಯಿತು, ಯಾರಿಗೂ ಹೇಳಲಿಲ್ಲ. ಈಗ ನಿಮಗೆ ಹೇಳುತ್ತಿದ್ದೇನೆ.

“ಹುಷಾರು,” ಅಂದಳು ವಿಮಲಾ. “ಪ್ರಭಾಕರ್ ಎತ್ಕೊಟ್ಟಿದ್ದು. ನಾವಿಬ್ರೂ ಕ್ಯಾಲಿಫೋರ್ನಿಯಾಗೆ ಹೋಗಿದ್ದ ಕೊನೇ ಟ್ರಿಪ್. ಸಮುದ್ರದ ಪಕ್ಕ ರೋಡಲ್ಲಿ ಒಂದು ಒಣಗಿದ ಕೊಂಬೆ ಮುರ್ದು ಬಿದ್ದಿತ್ತು, ಕಾರ್ ನಿಲ್ಸಿ ಹೋಗಿ ಕಿತ್ಕೊಂಡು ಬಂದ್ರು. ಕೈಯೆಲ್ಲ ರಕ್ತ.”

ನಮ್ಮ ಯಜಮಾನರು ಎಲ್ಲಿಗೆ ಹೋದರೂ ನನಗೆ ಟವೆಲ್ ತರುತ್ತಾರೆ. ಕಾಶಿಗೆ ಹೋದಾಗಲೂ ಟವೆಲ್. ಕಾರ್ ನಿಲ್ಲಿಸಿ, ಕೈ ಗೀರಿಸಿಕೊಂಡು, ಹೆಂಡತಿಗೆ ಬೇಕಾದ ಕಾಯಿ ಯಾವುದೆಂದು ಗೊತ್ತಿದ್ದು ಕಿತ್ತು ತರುವ ಗಂಡ! ಸತ್ತವರ ವಿಷಯದಲ್ಲಿ ಹೀಗೆಲ್ಲ ಯೋಚಿಸಬಾರದು. ಆದರೂ ಯೋಚಿಸಿದೆ. ಕಾಯಿಯನ್ನು ಶೋಕೇಸಿನಲ್ಲಿ ವಾಪಸ್ ಇಡುವಾಗ ಕೈಗೆ ಅಂಟಿದ ರಾಳವನ್ನು ಎರಡು ದಿನ ತೊಳೆಯಲಿಲ್ಲ.

ಟಿಶ್ಯೂ ಪ್ಯಾಕೆಟ್

ಮರುದಿನ ಮಧ್ಯಾಹ್ನ ವಿಮಲಾ ನನ್ನನ್ನು ಹಾಕರ್ ಸೆಂಟರ್‌ಗೆ ಕರೆದುಕೊಂಡು ಹೋದಳು. ಒಂದೇ ಸೂರಿನಡಿ ಹತ್ತಾರು ತಿಂಡಿ ಅಂಗಡಿ, ನಡುವೆ ಎಲ್ಲರಿಗೂ ಸೇರಿದ ಮೇಜು ಕುರ್ಚಿ. ನಮ್ಮ ಮದುವೆ ಮನೆಯ ಮೊದಲ ಪಂಕ್ತಿಯಷ್ಟು ಜನ. ಅವಳು ದೋಸೆಯ ಸಾಲಿನಲ್ಲಿ ನಿಂತಳು, ನಾನು ಜಾಗ ಹುಡುಕಿದೆ. ಆಶ್ಚರ್ಯ ನೋಡಿ, ಅಷ್ಟು ಜನರಲ್ಲಿ ಒಂದು ಮೇಜು ಖಾಲಿ. ಮೇಲೆ ಒಂದು ಚಿಕ್ಕ ಟಿಶ್ಯೂ ಪ್ಯಾಕೆಟ್. ಹೋಟೆಲಿನಲ್ಲಿ ಸೋಂಪು ಇಡುತ್ತಾರಲ್ಲ, ಹಾಗೆ ಗಿರಾಕಿಗಳಿಗೆಂದು ಇಟ್ಟಿದ್ದಾರೆ ಅಂದುಕೊಂಡೆ. ಕೂತೆ. ಒಂದು ಹಾಳೆ ತೆಗೆದು ಮುಖ ಒರೆಸಿಕೊಂಡೆ, ಇನ್ನೊಂದರಲ್ಲಿ ಕನ್ನಡಕ. ಉಳಿದದ್ದನ್ನು ಪರ್ಸಿಗೆ ಹಾಕಿಕೊಂಡೆ.

ಎಪ್ಪತ್ತು ದಾಟಿದ ಒಬ್ಬ ಚೀನೀ ಮುದುಕ ತಟ್ಟೆ ಹಿಡಿದುಕೊಂಡು ಬಂದು ನಿಂತ. ಮೇಜು ನೋಡಿದ, ನನ್ನನ್ನು ನೋಡಿದ.

“ಆಂಟಿ, ಮೈ ಟಿಶ್ಯೂ ವೇರ್ ಗೋ?”

ಆ ದೇಶದಲ್ಲಿ ಟಿಶ್ಯೂ ಪ್ಯಾಕೆಟ್ ಇಟ್ಟರೆ ಆ ಜಾಗ ಅವರದು. ಇಟ್ಟು ಹೋಗಿ ನೆಮ್ಮದಿಯಾಗಿ ಸಾಲಿನಲ್ಲಿ ನಿಲ್ಲಬಹುದು, ಯಾರೂ ಮುಟ್ಟುವುದಿಲ್ಲ. ನಮ್ಮಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕುತ್ತೇವೆ, ನಿಜ, ಆದರೆ ಆಮೇಲೆ ಅದಕ್ಕಾಗಿ ಜಗಳವಾಡುವುದಕ್ಕೂ ಸಿದ್ಧರಿರುತ್ತೇವೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು. ಆ ಗಳಿಗೆಯಲ್ಲಿ ಪರ್ಸಿನಿಂದ ಪ್ಯಾಕೆಟ್ ತೆಗೆದು, “ಐ ವಾಸ್ ಓನ್ಲಿ ಕೀಪಿಂಗ್ ಇಟ್ ಸೇಫ್ಲಿ, ಸರ್,” ಅಂದೆ.

ವಿಮಲಾ ದೋಸೆ ಹಿಡಿದುಕೊಂಡು ಹಿಂದೆ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. “ಲಿಮ್ ಅಂಕಲ್, ಶಿ ಈಸ್ ಮೈ ಫ್ರೆಂಡ್,” ಅಂದಳು. ಅವರು ಅವಳ ಬ್ಲಾಕಿನಲ್ಲೇ ನಾಲ್ಕನೆಯ ಮಹಡಿಯಲ್ಲಿರುವವರಂತೆ. ಮೂವರೂ ಒಂದೇ ಮೇಜಿನಲ್ಲಿ ತಿಂದೆವು. ನನ್ನ ತಲೆಯಲ್ಲಿ ಮಾತ್ರ ಒಂದು ಯೋಚನೆ ಕೂತುಬಿಟ್ಟಿತ್ತು. ಹಾಸ್ಟೆಲಿನಲ್ಲಿದ್ದಾಗಲೇ ನಾನು ಆ ಕಾಯಿಯ ಮೇಲೆ ಪ್ಯಾಕೆಟ್ ಇಟ್ಟಿದ್ದೆ. ನಮ್ಮ ವಿಭಾಗದಲ್ಲಿ ಅದರ ಹೆಸರು ಅಂಟಿಸಿದ ಒಂದು ಪೆಟ್ಟಿಗೆ ಇತ್ತು, ಒಳಗೆ ಕಾಯಿ ಇರಲಿಲ್ಲ, ಯಾವ ಕಾಲದಲ್ಲೋ ಹುಳು ತಿಂದು ಪುಡಿಯಾಗಿತ್ತು. ಆ ಪುಡಿ ನೋಡಿಕೊಂಡು ಬಂದು, ಪುಸ್ತಕದಲ್ಲಿದ್ದ ಚಿತ್ರವನ್ನು ದೊಡ್ಡದಾಗಿ ಬರೆದು ರೂಮಿನ ಗೋಡೆಗೆ ಅಂಟಿಸಿ, “ಒಂದಿನ ಇದು ಬಾಯಿ ಬಿಡೋದನ್ನ ನೋಡೇ ನೋಡ್ತೀನಿ,” ಎಂದು ವಿಮಲಾಳ ಮುಂದೆಯೇ ಹೇಳಿದ್ದೆ. ಈಗ ಅವಳು ಬಂದು ಕೂತಿದ್ದಾಳೆ.

ಶನಿವಾರ, ಕಡಲ ದಂಡೆ

ವಿಮಲಾ ಶನಿವಾರ ಸಂಜೆ ಪಾಸಿರ್ ರಿಸ್ ಬೀಚಿನಲ್ಲಿ ಕನ್ನಡದವರ ಮಕ್ಕಳಿಗೆ ಮರ ತೋರಿಸುತ್ತಾಳೆ. ಎಲ್ಲರೂ ಅವಳನ್ನು ಕರೆಯುವುದೇ ಟ್ರೀ ಆಂಟಿ ಎಂದು. ಜುರಾಂಗ್ ವೆಸ್ಟ್‌ನಿಂದ, ಅಂದರೆ ಊರಿನ ಇನ್ನೊಂದು ತುದಿಯಿಂದ, ಎಂ.ಆರ್.ಟಿ. ರೈಲಿನಲ್ಲಿ ಕೂತು ಬರುವ ಮಕ್ಕಳೂ ಇದ್ದರು. ನನ್ನ ಕ್ಲಾಸಿಗೆ ಪಕ್ಕದ ರೂಮಿನಿಂದ ಬರುವುದಕ್ಕೂ ಹಾಜರಾತಿ ಪುಸ್ತಕ ತೋರಿಸಿ ಹೆದರಿಸಬೇಕಿತ್ತು.

ನಾನು ಹಿಂದೆ ಹಿಂದೆ ನಡೆದೆ. ಅವಳು ತಪ್ಪು ಹೇಳಲಿ ಎಂದು ಕಾಯುತ್ತಿದ್ದೆ, ಮುಚ್ಚುಮರೆ ಯಾಕೆ. ದಂಡೆಯಲ್ಲಿ ಸರ್ವೆ ಮರಗಳ ಸಾಲಿತ್ತು, ಕಾರವಾರದ ಕಡೆ ಗಾಳಿ ಮರ ಅನ್ನುತ್ತಾರಲ್ಲ, ಅದೇ. ದೂರದಿಂದ ಪೈನಿನಂತೆಯೇ ಕಾಣುತ್ತದೆ. ಎಷ್ಟೋ ಓದಿದವರು ಇಲ್ಲಿ ಜಾರಿ ಬೀಳುತ್ತಾರೆ. ಈಗ ಬೀಳುತ್ತಾಳೆ ನೋಡು ಅಂದುಕೊಂಡೆ.

“ಇದು ಪೈನ್ ಅಲ್ಲ, ಪೈನ್ ಥರ ವೇಷ ಹಾಕಿದೆ ಅಷ್ಟೇ,” ಅಂದಳು. ಒಂದು ಹಸಿರು ಎಳೆ ಕಿತ್ತು ಎಳೆದಳು, ಅದು ಗಿಣ್ಣುಗಿಣ್ಣಾಗಿ ಬಿಟ್ಟುಕೊಂಡಿತು. “ಇದು ಎಲೆ ಅಲ್ಲ, ಸಣ್ಣ ಕೊಂಬೆ. ನಿಜವಾದ ಎಲೆ ಈ ಗಿಣ್ಣಲ್ಲಿ ಹಲ್ಲಿನ ಥರ ಇದೆ, ಕಣ್ಣಿಗೆ ಕಾಣೋದೇ ಕಷ್ಟ. ಇದರ ಪುಟ್ಟ ಕಾಯಿ ಮನೆಗೆ ತಗೊಂಡೋಗಿ ಟೇಬಲ್ ಮೇಲಿಡಿ, ಒಣಗಿದ ಕೂಡ್ಲೇ ಬಾಯಿ ಬಿಡುತ್ತೆ. ಇದಕ್ಕೆ ತಾಳ್ಮೆನೇ ಇಲ್ಲ.”

ಒಂದಕ್ಷರ ತಪ್ಪಿಲ್ಲ. ಅಷ್ಟು ಚೆನ್ನಾಗಿ ನಾನು ಯಾವತ್ತೂ ಹೇಳಿರಲಿಲ್ಲ. ಹೊಟ್ಟೆಯೊಳಗೆ ಮೆಣಸಿನಕಾಯಿ ಅರೆದ ಹಾಗಾಯಿತು.

ಆಮೇಲೆ ಅವಳು ಬಟ್ಟೆ ಚೀಲದಿಂದ ಆ ಕಾಯಿ ತೆಗೆದಳು. “ಇದು ತಾಳ್ಮೆ ಇರೋದು,” ಎಂದು ಬೆಂಕಿಯ ಕಥೆ ಹೇಳಿದಳು. ದಿನಾ ಮಳೆ ಬೀಳುವ ಊರಿನ ಮಕ್ಕಳು, ಕಾಡು ಸುಟ್ಟರೆ ಮರಕ್ಕೆ ಒಳ್ಳೆಯದು ಎಂಬ ಮಾತನ್ನು ಬಾಯಿ ತೆರೆದು ಕೇಳಿದವು. ಆದ್ಯ ಎಂಬ ಎಂಟು ವರ್ಷದ ಹುಡುಗಿ ಕಾಯಿಯನ್ನು ಕಿವಿಯ ಬಳಿ ಅಲ್ಲಾಡಿಸಿ ನೋಡಿದಳು.

“ಒಳಗೆ ಏನಿದೆ ಆಂಟಿ?”

“ಬೀಜ.”

“ನೀವು ನೋಡಿದೀರಾ?”

“ಇಲ್ಲ ಪುಟ್ಟ.”

“ನೋಡ್ದೇ ಇದ್ರೆ ಹೌ ಯು ನೋ ಲಾ?” ಮಾತಿನ ತುದಿಗೆ ಒಂದು ‘ಲಾ’ ಸೇರಿಸುವುದು ಆ ಊರಿನ ರೂಢಿ.

ವಿಮಲಾ ನಕ್ಕು ನನ್ನ ಕಡೆ ಕೈ ತೋರಿಸಿದಳು. “ಈ ನಾಗರತ್ನ ಆಂಟಿ ದೊಡ್ಡ ಪ್ರೊಫೆಸರ್. ಇವರನ್ನ ಕೇಳು.”

ಹದಿನೈದು ಮುಖಗಳು ನನ್ನ ಕಡೆ ತಿರುಗಿದವು. ಮೂವತ್ತೊಂದು ವರ್ಷ ತಪ್ಪಿಸಿಕೊಂಡಿದ್ದ ಪ್ರಶ್ನೆ, ಬೇರೆ ದೇಶದ ಮರಳಿನ ಮೇಲೆ ಬಂದು ಹಿಡಿಯಿತು. ಇಲ್ಲಿ ಬರೆಸುವುದಕ್ಕೆ ಡಯಾಗ್ರಮ್ಮೂ ಇರಲಿಲ್ಲ. ವಿಮಲಾಳ ಬಳಿ ಇಲ್ಲದ್ದು ಒಂದಾದರೂ ನನ್ನ ಬಳಿ ಇರಲಿ ಅನ್ನಿಸಿತು.

“ಯೆಸ್, ಆಫ್‌ಕೋರ್ಸ್,” ಅಂದೆ. “ಐ ಹ್ಯಾವ್ ಸೀನ್ ಇಟ್ ಪರ್ಸನಲಿ. ಇನ್ ಊಟಿ. ಇಟ್ ಓಪನ್ಸ್ ಲೈಕ್ ಎ ಫ್ಲವರ್.”

ಮಕ್ಕಳು ‘ವಾ’ ಅಂದವು. ವಿಮಲಾ ಕಾಯಿಯನ್ನು ಮತ್ತೆ ಚೀಲಕ್ಕೆ ಹಾಕಿಕೊಂಡಳು. ಆಮೇಲೆ ಮನೆಗೆ ನಡೆಯುವಾಗ ಮೆಲ್ಲಗೆ ಕೇಳಿದಳು, “ನೀನು ನೋಡಿದೀಯ ಅಂದ್ಮೇಲೆ ನಿನಗೆ ಮಾಡೋಕೂ ಬರುತ್ತೆ. ಇದನ್ನ ತೆಗ್ದು ಕೊಡ್ತೀಯಾ ನಾಗು? ಎರಡು ವರ್ಷದಿಂದ ಅಂದ್ಕೋತಾ ಇದೀನಿ. ಸುಟ್ಟು ಹಾಕ್ಬಿಟ್ರೆ ಅನ್ನೋ ಭಯ. ಇರೋದು ಇದೊಂದೇ.”

ಬೇಡ ಅನ್ನಬೇಕಿತ್ತು. ನನಗೆ ಬರುವುದಿಲ್ಲ ಅನ್ನಬೇಕಿತ್ತು. ಆದರೆ ಅದು ಬಾಯಿ ಬಿಡುವುದನ್ನು ನೋಡುವ ಆಸೆ ಎಷ್ಟಿತ್ತೆಂದರೆ, ಅವಳ ಗಂಡನ ಕೊನೆಯ ಉಡುಗೊರೆಯ ಮೇಲೆ ಪ್ರಯೋಗ ಮಾಡುವುದಕ್ಕೂ ನಾನು ತಯಾರಾದೆ. “ಅಯ್ಯೋ, ಅದೇನ್ ಮಹಾ,” ಅಂದುಬಿಟ್ಟೆ.

ಕರ್ಪೂರ

ಭಾನುವಾರ ಬೆಳಿಗ್ಗೆ ನೋಡಿದರೆ ಆ ಮನೆಯಲ್ಲಿ ಬೆಂಕಿಯೇ ಇಲ್ಲ. ಅಡುಗೆ ಇಂಡಕ್ಷನ್ ಒಲೆಯಲ್ಲಿ. ದೇವರ ಮುಂದೆ ಬ್ಯಾಟರಿ ದೀಪ. ಓವನ್ ಇಲ್ಲ, ಮೈಕ್ರೋವೇವ್ ಇದೆ, ಅದರೊಳಗೆ ರಾಳ ಇಟ್ಟರೆ ಏನಾಗುತ್ತದೋ ಎಂದು ನನಗೇ ಹೆದರಿಕೆ. ಮೊದಲು ಹೇರ್ ಡ್ರೈಯರ್ ಹಿಡಿದೆ. ಅರ್ಧ ಗಂಟೆಯಾದರೂ ಕಾಯಿ ಕ್ಯಾರೇ ಅನ್ನಲಿಲ್ಲ, ನನ್ನ ಕೈಗೆ ನೋವು ಬಂತು.

“ಊಟೀಲಿ ಹೆಂಗೆ ಮಾಡಿದ್ರಿ?” ಎಂದು ವಿಮಲಾ ಕೇಳಿದಳು.

“ಬೆಂಕಿ ಬೇಕು. ಕರ್ಪೂರ ಇದ್ಯಾ?”

ಆರತಿ ತಟ್ಟೆಯಲ್ಲಿ ಕರ್ಪೂರ ಹಚ್ಚಿ, ಕಾಯಿಯನ್ನು ಇಕ್ಕಳದಲ್ಲಿ ಹಿಡಿದು ಮೇಲೆ ತಿರುಗಿಸಿದೆ. ಒಂದು, ಎರಡು, ನಾಲ್ಕು ಬಿಲ್ಲೆ. ರಾಳ ಚುರ್ ಎಂದು ಹೊತ್ತಿಕೊಂಡಿತು. ಕಪ್ಪು ಹೊಗೆ ಸೂರಿಗೆ ಏರಿತು, ಸೂರಿನಲ್ಲಿದ್ದ ಅಲಾರಂ ಕೂಗತೊಡಗಿತು. ಆ ಸದ್ದು ಏನು ಹೇಳಲಿ! ನಾನು ತಟ್ಟೆ ಬಿಟ್ಟೆ, ಇಕ್ಕಳ ಬಿಟ್ಟೆ, ಕಾಯಿ ಹೋಗಿ ಸೋಫಾದ ಕೆಳಗೆ ಸೇರಿತು. ವಿಮಲಾ ಕುರ್ಚಿ ಹತ್ತಿ ಟವೆಲ್ ಬೀಸಿದಳು, ನಾನು ಒದ್ದೆ ಮ್ಯಾಟ್ ಹಾಕಿ ಕರ್ಪೂರ ಆರಿಸಿದೆ. ಎದುರು ಮನೆಯ ಮಲಯ್ ಹೆಂಗಸು ಬಂದು ಎಲ್ಲ ಸರಿ ಇದೆಯಾ ಎಂದು ಕೇಳಿ ಹೋದಳು.

ಸದ್ದು ನಿಂತ ಮೇಲೆ ಸೋಫಾದ ಕೆಳಗೆ ಕೈ ಹಾಕಿ ಕಾಯಿ ತೆಗೆದೆ. ಒಂದು ಮಗ್ಗುಲು ಇದ್ದಿಲಿನಂತೆ ಕಪ್ಪಾಗಿತ್ತು. ಎಸಳು ಒಂದೂ ಬಿಚ್ಚಿರಲಿಲ್ಲ. ವಿಮಲಾ ಅದನ್ನು ನನ್ನ ಕೈಯಿಂದ ತೆಗೆದುಕೊಂಡು ಸೀರೆಯ ಸೆರಗಿನಲ್ಲಿ ಒರೆಸಿದಳು. ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಮಧ್ಯಾಹ್ನವೆಲ್ಲ ನಾನು ಮಲಗಿದ ಹಾಗೆ ನಟಿಸಿದೆ.

ವಾಯ್ಡ್ ಡೆಕ್

ಸಂಜೆ ಇನ್ನೂ ಬಿಸಿಲಿರುವಾಗಲೇ ಕೆಳಗಿನಿಂದ ಹೊಗೆಯ ವಾಸನೆ ಬಂತು. ಹನ್ನೊಂದನೆಯ ಮಹಡಿಯಿಂದ ಬಗ್ಗಿ ನೋಡಿದೆ. ಬ್ಲಾಕಿನ ಮುಂದೆ ಹುಲ್ಲಿನ ಅಂಚಿನಲ್ಲಿ ಒಂದು ಕಬ್ಬಿಣದ ಡ್ರಮ್, ಅದರಲ್ಲಿ ನಿಗಿನಿಗಿ ಬೆಂಕಿ, ಪಕ್ಕದಲ್ಲಿ ಲಿಮ್ ಅಂಕಲ್.

“ಇದು ಚೀನೀಯರ ಕ್ಯಾಲೆಂಡರಲ್ಲಿ ಏಳನೇ ತಿಂಗಳು,” ಅಂದಳು ವಿಮಲಾ. “ಸತ್ತೋರು ಈ ತಿಂಗಳು ಮನೆ ಕಡೆ ಬರ್ತಾರೆ ಅಂತ ನಂಬಿಕೆ. ಪೇಪರ್ ಬಟ್ಟೆ, ಪೇಪರ್ ದುಡ್ಡು ಸುಟ್ಟು ಕಳಿಸ್ತಾರೆ. ನಮ್ಮ ಪಿತೃಪಕ್ಷ ಇದ್ದ ಹಾಗೆ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವಳೇ ಹೋಗಿ ಕಾಯಿ ತಂದಳು.

ವಾಯ್ಡ್ ಡೆಕ್ ಅಂದರೆ ಅಲ್ಲಿನ ಕಟ್ಟಡಗಳ ನೆಲಮಹಡಿ, ಗೋಡೆಯಿಲ್ಲದೆ ಬರೀ ಕಂಬಗಳ ಮೇಲೆ ನಿಂತ ಖಾಲಿ ಜಾಗ. ನಮ್ಮ ಊರಿನ ಅರಳಿಕಟ್ಟೆಯ ಕೆಲಸ ಅಲ್ಲಿ ಅದು ಮಾಡುತ್ತದೆ. ಲಿಮ್ ಅಂಕಲ್ ಮೊದಲು ಒಂದು ಹಿಡಿ ಕಾಗದವನ್ನು ಡ್ರಮ್ಮಿನ ಹೊರಗೆ ಹಾಕಿ ಸುಟ್ಟಿದ್ದರು, ಯಾರೂ ಇಲ್ಲದ ಆತ್ಮಗಳಿಗೆ ಅಂತ. ಈಗ ಕಾಗದದ ಅಂಗಿಗಳನ್ನು ಒಂದೊಂದಾಗಿ ಒಳಗೆ ಹಾಕುತ್ತಿದ್ದರು. ತಮ್ಮ ಅಣ್ಣನಿಗಂತೆ. ಬದುಕಿದ್ದಾಗ ಅಣ್ಣ ಇವರನ್ನು ಕೇಳದೆ ಇವರ ಅಂಗಿಗಳನ್ನೇ ಹಾಕಿಕೊಳ್ಳುತ್ತಿದ್ದನಂತೆ, ಅವನಿಗೆ ಇವರಿಗಿಂತ ಚೆನ್ನಾಗಿಯೂ ಕಾಣುತ್ತಿತ್ತಂತೆ. “ನೌ ಐ ಸೆಂಡ್ ಹಿಮ್ ಹಿಸ್ ಓನ್,” ಎಂದು ಹೇಳಿ ಇನ್ನೊಂದು ಅಂಗಿ ಹಾಕಿದರು. ಈ ಮನುಷ್ಯನ ಟಿಶ್ಯೂ ಕದ್ದೆನಲ್ಲ ಎಂದು ನನಗೆ ಈಗ ನಿಜವಾಗಿ ಬೇಸರವಾಯಿತು.

ವಿಮಲಾ ಕಾಯಿ ತೋರಿಸಿದಳು. “ಇದು ಯಾರಿಗೆ?” ಎಂದು ಅವರು ಕೇಳಿದರು.

“ಮೈ ಹಸ್ಬೆಂಡ್,” ಅಂದಳು ವಿಮಲಾ. ಅವರಿಗೆ ಹೂವಿನ ಥರ ಬಿಚ್ಚುವ ಕಾಯಿಯ ಕಥೆ ಹೇಳಲು ಅವಳಿಗೂ ತೋಚಲಿಲ್ಲವೋ ಏನೋ.

ಅವರು ತಲೆಯಾಡಿಸಿದರು. ಉರಿಯುವಾಗ ಹಾಕಬೇಡಿ, ಬರೀ ಬೂದಿಯಾಗಿ ಹೋಗುತ್ತದೆ, ಜ್ವಾಲೆ ಇಳಿಯಲಿ ಅಂದರು. ಬೆಂಕಿ ಸಣ್ಣದಾಗುವವರೆಗೆ ಮೂವರೂ ನಿಂತೆವು. ಆಮೇಲೆ ಅವರು ಉದ್ದನೆಯ ಕಬ್ಬಿಣದ ಕೋಲಿನಿಂದ ಕೆಂಡವನ್ನು ಒಂದು ಬದಿಗೆ ತಳ್ಳಿ, ಬಿಸಿ ಬೂದಿಯಲ್ಲಿ ಒಂದು ಗುಳಿ ಮಾಡಿದರು. ಅದರಲ್ಲಿ ಕಾಯಿ ಇಟ್ಟಾಗ ಕಡಲ ಕಡೆಯಿಂದ ಸಣ್ಣಗೆ ಗಾಳಿ ಬೀಸುತ್ತಿತ್ತು.

“ಹೆಸರು ಕರೀಬೇಕು,” ಅಂದರು ಅಂಕಲ್, ಅವರ ಇಂಗ್ಲಿಷಿನಲ್ಲಿ. “ಇಲ್ಲದಿದ್ದರೆ ಬೇರೆಯವರು ತೆಗೆದುಕೊಂಡು ಹೋಗುತ್ತಾರೆ.”

ಗಂಡನ ಹೆಸರು ಹಿಡಿದು ಮಾತಾಡುವುದು ವಿಮಲಾಳಿಗೆ ಹೊಸತಲ್ಲ. ಆದರೂ ಸೆರಗು ಸರಿ ಮಾಡಿಕೊಂಡಳು. “ಪ್ರಭಾಕರ್,” ಅಂದಳು. ಸ್ವಲ್ಪ ತಡೆದು, “ರೀ, ಪ್ರಭಾಕರ್,” ಎಂದು ಇನ್ನೊಮ್ಮೆ ಕರೆದಳು.

ಎಷ್ಟು ಹೊತ್ತಾಯಿತೋ ನನಗೆ ಗೊತ್ತಿಲ್ಲ. ಮೊದಲು ವಾಸನೆ ಬಂತು, ಸಾಂಬ್ರಾಣಿಯಂಥದ್ದು. ರಾಳ ಎಸಳುಗಳ ನಡುವೆ ಗುಳ್ಳೆ ಗುಳ್ಳೆಯಾಗಿ ಕುದಿಯಿತು. ಆಮೇಲೆ ‘ಟಕ್’ ಎಂಬ ಒಂದು ಸದ್ದು. ನಾನು ಡ್ರಮ್ಮಿನ ಮೇಲೆ ಬಗ್ಗಿದೆ. ಇನ್ನೊಂದು ಟಕ್. ಮತ್ತೆ ಎರಡು. ಅಂಕಲ್ ಕೋಲಿನಿಂದ ಕಾಯಿಯನ್ನು ಹೊರಗೆ ಉರುಳಿಸಿ, ಹಳೇ ಪೇಪರ್ ಹಾಸಿದ ಕಲ್ಲಿನ ಮೇಜಿನ ಮೇಲಿಟ್ಟರು. ಅಲ್ಲಿ ನಮ್ಮ ಕಣ್ಣ ಮುಂದೆಯೇ ಅದು ಬಿಚ್ಚಿಕೊಳ್ಳುತ್ತ ಹೋಯಿತು. ತುದಿಯ ಎಸಳು, ಅದರ ಕೆಳಗಿನದು, ಅದರ ಕೆಳಗಿನದು. ಹೂವಿನ ಹಾಗೆ ಅಲ್ಲವೇ ಅಲ್ಲ! ಅದೆಲ್ಲ ನಾನು ಕಟ್ಟಿದ ಕಥೆ. ಕಿರಿಕಿರಿ ಎನ್ನುತ್ತ, ಹಟ ಮಾಡುತ್ತ, ತಡೆ ತಡೆದು ಬಿಚ್ಚಿತು. ನಾನು ಸುಟ್ಟಿದ್ದ ಮಗ್ಗುಲು ಮಾತ್ರ ಮುಚ್ಚಿಕೊಂಡೇ ಉಳಿಯಿತು. ಕಾಯಿಯನ್ನು ಮೆಲ್ಲಗೆ ತಟ್ಟಿದಾಗ ಪೇಪರಿನ ಮೇಲೆ ಕಪ್ಪು ಬೀಜಗಳು ಉದುರಿದವು, ಒಂದೊಂದಕ್ಕೂ ತೆಳ್ಳನೆಯ ಕಂದು ರೆಕ್ಕೆ.

ನನಗೆ ಅಳು ಬಂತು. ಸುಮ್ಮನೆ ಅಲ್ಲ, ಬಿಕ್ಕಿ ಬಿಕ್ಕಿ. ಲಿಮ್ ಅಂಕಲ್ ಜೇಬಿನಿಂದ ಟಿಶ್ಯೂ ಪ್ಯಾಕೆಟ್ ತೆಗೆದು ನನ್ನ ಮುಂದೆ ಇಟ್ಟು, ಡ್ರಮ್ಮಿನ ಕಡೆಗೆ ಹೋದರು.

“ವಿಮಲಾ, ನಾನು ಊಟೀಲಿ ನೋಡಿಲ್ಲ ಕಣೇ,” ಅಂದೆ. “ಎಲ್ಲೂ ನೋಡಿಲ್ಲ. ಇದೇ ಮೊದಲು.”

“ಗೊತ್ತು.”

“ಯಾವಾಗಿಂದ?”

“ನೀನು ಹೇಳಿದಾಗ್ಲೇ. ನೀನು ಸುಳ್ಳು ಹೇಳೋದು ಇಂಗ್ಲಿಷಲ್ಲಿ ನಾಗು. ಹಾಸ್ಟೆಲಿಂದಲೂ ಹಂಗೇ. ವಾರ್ಡನ್ ಮುಂದೆ ನಿಂತ್ರೆ ಸಾಕು, ‘ಆಕ್ಚುಲಿ ಮೇಡಂ’ ಅಂತ ಶುರು ಆಗೋದು. ಮೊನ್ನೆ ಬಾಗ್ಲಲ್ಲಿ ನಿಂತು ‘ಐ ಯಾಮ್ ಸೋ ಹ್ಯಾಪಿ ಫಾರ್ ಯೂ’ ಅಂದ್ಯಲ್ಲ, ನನಗೆ ನಗು ತಡ್ಯೋಕೆ ಆಗ್ಲಿಲ್ಲ.”

“ಗೊತ್ತಿದ್ದೂ ನನ್ನ ಕೈಗೆ ಕೊಟ್ಯಾ? ಸುಟ್ಟು ಹಾಕಿದ್ರೆ?”

“ಸುಟ್ಟು ಹಾಕಿದ್ರೂ ನಿಂದೇ,” ಅಂದಳು ವಿಮಲಾ. ಬೀಜಗಳನ್ನು ಬೆರಳಿನಿಂದ ಒಂದು ಕಡೆ ಸೇರಿಸುತ್ತಿದ್ದಳು, ಮುಖ ಎತ್ತಲಿಲ್ಲ. “ಆ ರೋಡಲ್ಲಿ ಕಾರ್ ನಿಲ್ಸಿದಾಗ ಪ್ರಭಾಕರ್ ಏನಂದ್ರು ಗೊತ್ತಾ? ‘ನಿನ್ನ ಫ್ರೆಂಡ್ ನಾಗು ಗೋಡೆ ಮೇಲೆ ಅಂಟ್ಸಿದ್ಲು ಅಂತಿದ್ಯಲ್ಲ, ಇದೇ ಅಲ್ವಾ? ಅವಳಿಗೆ ಕಳ್ಸೋಣ’ ಅಂದ್ರು. ನಿನಗೆ ಅಂತಾನೇ ಕೈ ಗೀರಿಸ್ಕೊಂಡಿದ್ದು. ಕಳಿಸ್ಲಿಲ್ಲ. ನಾನೇ ಇಟ್ಕೊಂಡೆ.”

“ಯಾಕೆ?”

“ಹೊಟ್ಟೆಕಿಚ್ಚು, ಇನ್ನೇನು. ನಿನಗೆ ಕಾಲೇಜಿತ್ತು, ಲ್ಯಾಬಿತ್ತು, ಊರಲ್ಲೆಲ್ಲ ಮೇಡಂ ಮೇಡಂ ಅಂತಿದ್ರು. ನನಗೆ ಇದ್ದಿದ್ದು ಲಂಚ್ ಬಾಕ್ಸು. ನಿನ್ನ ಹತ್ರ ಇಲ್ದೇ ಇರೋದು ಒಂದಾದ್ರೂ ನನ್ನ ಹತ್ರ ಇರ್ಲಿ ಅನ್ನಿಸ್ತು. ಆಮೇಲೆ ಅವರೇ ಹೋದ್ರು. ಆಮೇಲೆ ಕೊಡೋಕೆ ಮನಸ್ಸೇ ಬರ್ಲಿಲ್ಲ.”

ಸಿಟ್ಟು ಬರಬೇಕಿತ್ತು. ಸತ್ಯ ಹೇಳುತ್ತೇನೆ, ನನಗೆ ಆದದ್ದು ಸಂತೋಷ. ಇಷ್ಟು ವರ್ಷ ನಾನೊಬ್ಬಳೇ ಉರಿದುಕೊಂಡೆ ಅಂದುಕೊಂಡಿದ್ದೆ. ಆ ಹನ್ನೊಂದನೆಯ ಮಹಡಿಯಲ್ಲಿ ಕೂತು ಇವಳು ನನ್ನ ಸೀಮೆಸುಣ್ಣದ ಕೈ ಕಂಡು ಉರಿದುಕೊಂಡಿದ್ದಳು! ಅವಳ ಬೆನ್ನ ಮೇಲೆ ಒಂದು ಗುದ್ದು ಕೊಟ್ಟೆ, ಹಾಸ್ಟೆಲಿನಲ್ಲಿ ಕೊಡುತ್ತಿದ್ದ ಹಾಗೆ.

ಹೊರಡುವ ದಿನ

ಬೀಜಗಳನ್ನು ಲಿಮ್ ಅಂಕಲ್ ಕೊಟ್ಟ ಟಿಶ್ಯೂ ಪ್ಯಾಕೆಟ್ಟಿನಲ್ಲೇ ಸುತ್ತಿ ವಿಮಲಾ ಫ್ರಿಜ್ಜಿನಲ್ಲಿಟ್ಟಿದ್ದಾಳೆ. ಮುಂದಿನ ಶನಿವಾರ ಮಕ್ಕಳಿಗೆ ಒಂದೊಂದು ಕೊಟ್ಟು ಬೂದಿ ಬೆರೆಸಿದ ಮಣ್ಣಿನಲ್ಲಿ ಹಾಕಿಸುತ್ತಾಳಂತೆ. ಮೊಳೆತರೂ ಆ ಸೆಕೆಯಲ್ಲಿ ಮರವಾಗುವುದಿಲ್ಲ, ಅದಕ್ಕೆ ತಣ್ಣನೆಯ ಮಂಜು ಬೇಕು, ಅದು ಅವಳಿಗೂ ಗೊತ್ತು. ಆದ್ಯಳಿಗೆ ಮೊಳಕೆ ಕಂಡರೆ ಸಾಕಂತೆ. ಆ ಶನಿವಾರ ನಾನು ಅಲ್ಲಿರುವುದಿಲ್ಲ ಎಂದು ಆಗಲೇ ಸಣ್ಣಗೆ ಉರಿ ಶುರುವಾಗಿತ್ತು.

ಟ್ಯಾಕ್ಸಿ ಕೆಳಗೆ ಬಂದು ನಿಂತಿತ್ತು. ಅಷ್ಟು ಹೊತ್ತಿಗೆ ವಿಮಲಾ ಶೋಕೇಸಿನ ಗಾಜು ಸರಿಸಿ, ಬಾಯಿ ಬಿಟ್ಟ ಕಾಯಿಯನ್ನು ಎರಡೂ ಕೈಯಲ್ಲಿ ಹಿಡಿದು ನನ್ನ ಮುಂದೆ ನಿಂತಳು. “ತಗೋ. ನಿಂದು.”

ಅವಳ ಹಿಂದೆ ಶೋಕೇಸಿನಲ್ಲಿ ಕಾಯಿ ಇದ್ದ ಜಾಗದಲ್ಲಿ ಧೂಳಿನ ನಡುವೆ ಒಂದು ದುಂಡನೆಯ ಗುರುತು ಉಳಿದಿತ್ತು. ಪಕ್ಕದಲ್ಲಿ ಚನ್ನಪಟ್ಟಣದ ಗೊಂಬೆ ಒಂದೇ. ಆ ಮನೆಯಲ್ಲಿ ಆ ಮನುಷ್ಯ ಕೈ ಗೀರಿಸಿಕೊಂಡು ತಂದದ್ದು ಬೇರೆ ಏನೂ ಇರಲಿಲ್ಲ. ನಾನು ದೊಡ್ಡ ಮನಸ್ಸು ಮಾಡಲೇಬೇಕಿತ್ತು, ಮಾಡಿದೆ.

“ನೋ ನೋ, ಯು ಕೀಪ್ ಇಟ್,” ಅಂದೆ. “ರಿಯಲಿ, ಐ ಡೋಂಟ್ ಮೈಂಡ್ ಅಟ್ ಆಲ್.”

ವಿಮಲಾ ಒಂದು ಕ್ಷಣ ನನ್ನ ಮುಖ ನೋಡಿದಳು. ಆಮೇಲೆ ಕಣ್ಣಲ್ಲಿ ನೀರು ಬರುವ ತನಕ ಬಿದ್ದು ಬಿದ್ದು ನಕ್ಕು, ನನ್ನ ಬ್ಯಾಗಿನ ಜಿಪ್ ತೆಗೆದು ಕಾಯಿಯನ್ನು ಒಳಗಿಟ್ಟಳು.